ಪ್ಲಾಸ್ಟರ್ ಬಿಚ್ಚಿದ ಮೇಲೆ

ಮಣಿಕಟ್ಟಿನ ಮೂಳೆ ಕೂಡಿಕೊಂಡಿದೆ ಎಂದು ಎಕ್ಸ್‌ರೇ ಹೇಳಿತು. ಕೈ ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು. ಮುಂದೋಳು ಸೊರಗಿತ್ತು, ಚರ್ಮ ಒಣಗಿ ಪದರ ಪದರವಾಗಿ ಸುಲಿಯುತ್ತಿತ್ತು. ಅಂಗೈಯನ್ನು ಮೇಲ್ಮುಖ ಮಾಡಲು ಆಗುತ್ತಲೇ ಇರಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದರೆ ಮುಖಕ್ಕೆ ತಲುಪುವ ಮೊದಲೇ ಒಂದು ಬದಿಯಿಂದ ಸೋರಿಹೋಗುತ್ತಿತ್ತು. ಮೂಳೆ ವೈದ್ಯರು ಫಿಸಿಯೊಥೆರಪಿಗೆ ಚೀಟಿ ಬರೆದುಕೊಟ್ಟರು.

ಮಲಗಿಸಿ, ನೀವಿ, ಯಾವುದೋ ಯಂತ್ರ ಹಚ್ಚಿ ಕಳುಹಿಸುತ್ತಾರೆಂದು ಹೋದ ನನಗೆ ಮೊದಲ ದಿನ ಸಿಕ್ಕಿದ್ದು ಬರೀ ಪ್ರಶ್ನೆಗಳು. ಹೇಗೆ ಬಿದ್ದಿರಿ? ಬೆರಳುಗಳು ಜುಮ್ಮೆನ್ನುತ್ತವೆಯೇ? ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ? ನಿಮ್ಮ ಕೆಲಸದಲ್ಲಿ ಈ ಕೈಯಿಂದ ಏನೇನು ಮಾಡಬೇಕು? ಸೊನ್ನೆಯಿಂದ ಹತ್ತರವರೆಗಿನ ಲೆಕ್ಕದಲ್ಲಿ ನೋವಿಗೆ ಅಂಕ ಕೊಡಲು ಹೇಳಿದರು. ಪರೀಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಇಷ್ಟು ಯೋಚಿಸಿ ಅಂಕದ ಮಾತಾಡಿದವನಲ್ಲ.

ಆಮೇಲೆ ಅಳತೆ. ಎರಡು ತೋಳಿನ ಪ್ಲಾಸ್ಟಿಕ್ ಕೋನಮಾಪಕವನ್ನು ಮಣಿಕಟ್ಟಿನ ಪಕ್ಕಕ್ಕೆ ಹಿಡಿದು, ಮೊದಲು ಸರಿಯಾದ ಕೈಯನ್ನು ಅಳೆದರು. ಮಣಿಕಟ್ಟು ಹಿಂದಕ್ಕೆ ಸಾಮಾನ್ಯವಾಗಿ 70 ಡಿಗ್ರಿಯಷ್ಟು ಬಾಗುತ್ತದೆ. ಪೆಟ್ಟಾದ ಕೈ ಅದರ ಅರ್ಧಕ್ಕೂ ಬರಲಿಲ್ಲ. ನಂತರ ಮುಷ್ಟಿಯಲ್ಲಿ ಪೆನ್ಸಿಲ್ ನಿಲ್ಲಿಸಿ ಹಿಡಿದು, ಅಂಗೈ ಮೇಲಾಗುವಂತೆ ತಿರುಗಿಸಿ ಎಂದರು. ತಿರುಗಿಸಿದೆ, ಪರವಾಗಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಅವರು ನನ್ನ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದರು. ಪೆನ್ಸಿಲ್ ಅರ್ಧದಾರಿಯಲ್ಲೇ ನಿಂತಿತು. "ಇಷ್ಟು ಹೊತ್ತು ತಿರುಗಿದ್ದು ಭುಜ, ಕೈಯಲ್ಲ" ಎಂದು ನಕ್ಕರು. ದೇಹದ ಈ ಕಳ್ಳಾಟವನ್ನು ಹಿಡಿಯುವುದರಲ್ಲೇ ಅವರ ವಿದ್ಯೆಯ ಅರ್ಧ ಇದೆ ಎಂದು ನನಗನ್ನಿಸಿತು.

ನಾನು ಎದುರುನೋಡುತ್ತಿದ್ದ ಯಂತ್ರದ ವಿಷಯ ಕೇಳಿದೆ. ಶಾಖವೋ ವಿದ್ಯುತ್ ತರಂಗವೋ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು, ಬಿಗಿದ ಕೀಲನ್ನು ಅದು ನಿಮ್ಮ ಬದಲು ಬಾಗಿಸುವುದಿಲ್ಲ ಎಂದರು. ಹಾಗಾಗಿ ಚಿಕಿತ್ಸೆಯ ಬಹುಪಾಲು ಮನೆಯಲ್ಲೇ ನಡೆಯಿತು: ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿಟ್ಟು, ಆಮೇಲೆ ಬಾಗಿಸುವುದು, ತಿರುಗಿಸುವುದು, ಬೆರಳು ಮಡಚಿ ಬಿಡಿಸುವುದು. ದಿನಕ್ಕೊಮ್ಮೆ ಹಟ ಹಿಡಿದು ಮಾಡುವುದಕ್ಕಿಂತ ಆಗಾಗ ಸ್ವಲ್ಪ ಸ್ವಲ್ಪ ಮಾಡಬೇಕು. ಎಳೆತದ ನೋವು ಬಂದು ಸ್ವಲ್ಪ ಹೊತ್ತಿಗೆ ಇಳಿದರೆ ಚಿಂತೆಯಿಲ್ಲ. ಮರುದಿನವೂ ಊತ, ನೋವು ಉಳಿದಿದ್ದರೆ ವ್ಯಾಯಾಮ ಜಾಸ್ತಿಯಾಗಿದೆ ಎಂದರ್ಥ. ಕೈಯಲ್ಲಿ ಉರಿ ಹೆಚ್ಚಿ, ಬಣ್ಣ ಬದಲಾದರೆ, ವಿಪರೀತ ಬೆವರಿದರೆ ಮುಂದಿನ ಭೇಟಿಗೆ ಕಾಯದೆ ತಿಳಿಸಬೇಕೆಂದು ಎರಡೆರಡು ಸಲ ಹೇಳಿದರು.

ನೋಯುತ್ತದೆಂದರೆ ನಿಲ್ಲಿಸುತ್ತಿದ್ದರು. ಏನು ಮಾಡಲಿದ್ದೇನೆ, ಏಕೆ ಎಂದು ಹೇಳಿಯೇ ಕೈ ಮುಟ್ಟುತ್ತಿದ್ದರು. ನೋಯಿಸುವವರೇ ಒಳ್ಳೆಯ ಫಿಸಿಯೊಥೆರಪಿಸ್ಟ್ ಎಂದು ಹೊಗಳುವವರನ್ನು ಕಂಡಿದ್ದೇನೆ. ನನಗೆ ಆ ನಂಬಿಕೆಯಿಲ್ಲ.

ಪ್ರತಿ ಭೇಟಿಯಲ್ಲೂ ಅದೇ ಕೋನಮಾಪಕ ಹೊರಬರುತ್ತಿತ್ತು. ಅಂಕಿ ಏರದ ವಾರ ನನ್ನನ್ನು ಗದರಲಿಲ್ಲ, ವ್ಯಾಯಾಮವನ್ನೇ ಬದಲಿಸಿದರು. ತಿರುಗುವಿಕೆ ಸುಧಾರಿಸಿದ ಮೇಲೆ ಹಿಡಿತದ ಬಲಕ್ಕೆ ಮೆತ್ತನೆಯ ಚೆಂಡು ಬಂತು. ಕೊನೆಯ ಅಳತೆಯಲ್ಲೂ ಎರಡು ಕೈಗಳ ನಡುವೆ ತುಸು ವ್ಯತ್ಯಾಸ ಉಳಿದಿತ್ತು. ಬಲ ಪೂರ್ತಿ ಬರಲು ಇನ್ನೂ ತಿಂಗಳುಗಳು ಬೇಕಾಗಬಹುದು, ಕೊನೆಯ ಕೆಲವು ಡಿಗ್ರಿ ಬಾರದೆಯೂ ಇರಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಇನ್ನು ಬರುವ ಅಗತ್ಯವಿಲ್ಲ ಎಂದು ಕಡತ ಮುಚ್ಚಿದರು.