ಕ್ಯಾಮೆರಾ ಕಟ್ಟಿದ ಮೇಲೆ ಅದರ ಮುಂದೆ ಒಮ್ಮೆ ಅಂಬೆಗಾಲಿಡಿ

ವನ್ಯಜೀವಿ ಸಮೀಕ್ಷೆಗೆ ಟ್ರೈಲ್ ಕ್ಯಾಮೆರಾ, ಅಂದರೆ ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ, ಮರಕ್ಕೆ ಕಟ್ಟುವುದು ನನ್ನ ಕೆಲಸ. ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಚೆಂದದ ಫೋಟೊ ಬರುವ ಜಾಗ ಹುಡುಕುತ್ತಾರೆ. ನಾನು ಹೇಳುವುದಿಷ್ಟೇ: ಫೋಟೊ ಚಿಂತೆ ಆಮೇಲೆ, ಮೊದಲು ಸೆನ್ಸರ್ ಬಗ್ಗೆ ಯೋಚಿಸಿ.

ಕ್ಯಾಮೆರಾ ದಿನವಿಡೀ ಮಲಗಿಯೇ ಇರುತ್ತದೆ. ಅದನ್ನು ಎಬ್ಬಿಸುವುದು ಪಿಐಆರ್ ಸೆನ್ಸರ್. ಅದಕ್ಕೆ ಹುಲಿಯೂ ಕಾಣುವುದಿಲ್ಲ, ಜಿಂಕೆಯೂ ಕಾಣುವುದಿಲ್ಲ. ಸುತ್ತಲಿನದಕ್ಕಿಂತ ಬಿಸಿಯಾದ ಏನೋ ಒಂದು ಅಡ್ಡ ಹಾದರೆ ಎಚ್ಚರವಾಗುತ್ತದೆ, ಅಷ್ಟೇ. ಪ್ರಾಣಿ ನೇರ ಎದುರಿಗೆ ಬಂದರೆ ತಡವಾಗಿ ಏಳುತ್ತದೆ. ದಾರಿಗೆ ಪೂರ್ತಿ ಅಡ್ಡ ಮುಖ ಮಾಡಿ ಕಟ್ಟಿದರೆ ಬೇಗ ಏಳುತ್ತದೆ ನಿಜ, ಆದರೆ ಓಡುವ ಪ್ರಾಣಿಯ ಬಾಲ ಮಾತ್ರ ಸಿಗಬಹುದು. ಹಾಗಾಗಿ ಕಾಲುದಾರಿಗೆ ಸ್ವಲ್ಪ ಓರೆಯಾಗಿ ತಿರುಗಿಸುತ್ತೇನೆ. ಹುಲಿ ಎಣಿಕೆಯ ಲೆಕ್ಕವೇ ಬೇರೆ. ಅಲ್ಲಿ ಒಂದೊಂದು ಹುಲಿಯನ್ನು ಗುರುತಿಸುವುದು ಮೈಮೇಲಿನ ಪಟ್ಟೆಯಿಂದ. ಎಡ ಮಗ್ಗುಲಿನ ಪಟ್ಟೆ ಬಲ ಮಗ್ಗುಲಿನಂತೆ ಇರುವುದಿಲ್ಲ. ಅದಕ್ಕೇ ದಾರಿಯ ಎರಡೂ ಕಡೆ ಒಂದೊಂದು ಬೇಕು, ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ಸ್ವಲ್ಪ ಆಚೀಚೆ.

ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೂ ಸೆನ್ಸರ್ ಮೋಸ ಹೋಗುತ್ತದೆ. ಕಾರ್ಡ್ ತುಂಬಾ ಬರೀ ಹುಲ್ಲು! ಮುಂದಿನ ಹುಲ್ಲು, ಬಾಗಿದ ಕೊಂಬೆ ತೆಗೆಯಿರಿ, ಆದರೆ ಅಂಗಳ ಗುಡಿಸಿದ ಹಾಗೆ ಬೋಳು ಮಾಡಬೇಡಿ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಮುಖ ಬೇಡ. ಸಣ್ಣ ಮರವೂ ಬೇಡ, ಗಾಳಿಗೆ ಮರದ ಜೊತೆ ಕ್ಯಾಮೆರಾನೂ ತೂಗುತ್ತದೆ. ಇನ್ನೊಂದು, ಬೆಲ್ಟ್ ಬಿಗಿದ ಮೇಲೆ ಉಳಿದ ತುದಿ. ಅದನ್ನು ಹಾಗೇ ಜೋತುಬಿಟ್ಟರೆ ಲೆನ್ಸ್ ಮುಂದೆ ಪಟಪಟ ಹಾರುತ್ತದೆ. ರಾತ್ರಿ ಫೋಟೊದಲ್ಲಿ ಒಂದು ಬಿಳಿ ಪಟ್ಟಿ, ಅದರ ಹಿಂದೆ ಯಾವುದೋ ಪ್ರಾಣಿ. ತುದಿಯನ್ನು ಹಿಂದಕ್ಕೆ ಸುತ್ತಿ ಸಿಕ್ಕಿಸಿ.

ಎತ್ತರಕ್ಕೆ ಮೊಣಕಾಲು ಅಳತೆ ಸಾಕು, ಸುಮಾರು 45 ಸೆಂ.ಮೀ. ದಾರಿಯಿಂದ 3–4 ಮೀಟರ್ ದೂರ. ಆದರೆ ಕ್ಯಾಮೆರಾ ನೆಲಕ್ಕೆ ಸಮವಾಗಿ ನೋಡಬೇಕಲ್ವಾ? ಮರ ವಾಲಿದ್ದರೆ ಕ್ಯಾಮೆರಾದ ಹಿಂದೆ ಒಂದು ಕಡ್ಡಿ ಸಿಕ್ಕಿಸಿ ಮಟ್ಟ ಮಾಡುತ್ತೇವೆ. ಆಮೇಲೆ ಟೆಸ್ಟ್ ಮೋಡ್ ಹಾಕಿ ದಾರಿಯಲ್ಲಿ ಅಂಬೆಗಾಲಿಡಬೇಕು. ಸೆನ್ಸರ್ ಎಚ್ಚರವಾದಾಗ ಕ್ಯಾಮೆರಾದ ಪುಟ್ಟ ದೀಪ ಮಿನುಗುತ್ತದೆ. ಹೊಸಬರಿಗೆ ನಾಚಿಕೆ, ನಿಂತೇ ನಡೆದುಬಿಡುತ್ತಾರೆ. ನಿಂತ ಮನುಷ್ಯನಿಗೆ ದೀಪ ಮಿನುಗಿದರೆ ನರಿಗೂ ಮಿನುಗುತ್ತದೆ ಎಂದೇನಿಲ್ಲ. ತಗ್ಗಿಕೊಂಡು ಹೋಗಿ, ಎಲ್ಲಿ ಮಿನುಗಿತು, ಎಲ್ಲಿ ನಿಂತಿತು ನೋಡಿ.

ಬ್ಯಾಟರಿಯಲ್ಲಿ ಜಿಪುಣತನ ಬೇಡ. ಹಳೆಯದು, ಹೊಸದು ಬೆರೆಸಬೇಡಿ. ಚಳಿ ಜಾಸ್ತಿ ಇದ್ದರೆ ಲಿಥಿಯಂ ಹಾಕಿ. ಕಾರ್ಡನ್ನು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ, ಕಾರ್ಡಿನ ಪಕ್ಕದಲ್ಲಿ ಫೋಟೊ ಉಳಿಸದಂತೆ ತಡೆಯುವ ಪುಟ್ಟ ಲಾಕ್ ಸರಿದಿಲ್ಲ ತಾನೇ ನೋಡಿಕೊಳ್ಳಿ. ಮುಚ್ಚಳದ ರಬ್ಬರಿಗೆ ಒಂದು ಎಲೆ ಚೂರು ಸಿಕ್ಕಿಕೊಂಡರೂ ಮಳೆನೀರು ಒಳಗೆ.

ತಾರೀಖು, ಗಂಟೆ ಕೊನೆಯಲ್ಲಿ ಮತ್ತೊಮ್ಮೆ. ಕೆಲವು ಕ್ಯಾಮೆರಾಗಳಲ್ಲಿ ಬ್ಯಾಟರಿ ಬದಲಿಸಿದರೆ ಗಡಿಯಾರವೇ ಹಿಂದಕ್ಕೆ ಹೋಗುತ್ತದೆ. ಜಾಗದ ಸಂಖ್ಯೆ, ತಾರೀಖು, ಗಂಟೆ ಬರೆದ ಸ್ಲೇಟನ್ನು ಲೆನ್ಸ್ ಮುಂದೆ ಹಿಡಿದು ಮೊದಲ ಫೋಟೊ ತೆಗೆಸಿ. ಗಡಿಯಾರ ತಪ್ಪಿದ್ದರೂ ಆ ಒಂದು ಫೋಟೊ ನೋಡಿ ಉಳಿದವುಗಳ ಸಮಯ ಲೆಕ್ಕ ಹಾಕಬಹುದು.