ವಿಂಡೋಸ್‌ನಲ್ಲಿ ಪೇಪರ್‌ಲೆಸ್: ನುಡಿ ಪಿಡಿಎಫ್‌ಗಳೂ ಹುಡುಕಿದರೆ ಸಿಗುತ್ತಿವೆ

ಮನೆಯ ಕಾಗದಪತ್ರಗಳನ್ನೆಲ್ಲ ಪೇಪರ್‌ಲೆಸ್-ಎನ್‌ಜಿಎಕ್ಸ್‌ಗೆ (ಕಾಗದಗಳನ್ನು ಓದಿ, ಜೋಡಿಸಿಟ್ಟು, ಹುಡುಕಿಕೊಡುವ ತಂತ್ರಾಂಶ) ಹಾಕುವ ಕೆಲಸ ಈ ವಾರ ಒಂದು ಹದಕ್ಕೆ ಬಂತು. ಪಹಣಿ, ಕ್ರಯಪತ್ರ, ಕಂದಾಯದ ರಸೀದಿ, ಅಪ್ಪನ ಪಿಂಚಣಿ ಆದೇಶ ಎಲ್ಲ ಒಂದೇ ಕಡೆ ಇರಬೇಕು, "ಪೌತಿ ಖಾತೆ" ಅಂತ ಟೈಪ್ ಮಾಡಿದರೆ ಆ ಕಾಗದ ಎದುರಿಗೆ ಬರಬೇಕು, ಅಷ್ಟೇ ಆಸೆ.

ಇರುವುದು ವಿಂಡೋಸ್ 11, 8 ಜಿಬಿ ರ‍್ಯಾಮ್. ಈ ತಂತ್ರಾಂಶ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಡೆಸ್ಕ್‌ಟಾಪ್ ಬೇಕು, ಅದಕ್ಕೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2 ಬೇಕು, ಅದಕ್ಕೆ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು. ಡಬ್ಲ್ಯೂಎಸ್‌ಎಲ್ ಬೇಕೆಂದಾಗ ಅರ್ಧ ರ‍್ಯಾಮ್ ತನಕ ಎಳೆದುಕೊಳ್ಳುತ್ತದೆ, ಅದಕ್ಕೆ ಅದರ ಕಾನ್ಫಿಗ್ ಫೈಲಿನಲ್ಲಿ 3 ಜಿಬಿ ಮಿತಿ ಹಾಕಿದ್ದೇನೆ.

8000ನೇ ಪೋರ್ಟಿನಲ್ಲಿ ಲಾಗಿನ್ ಪುಟ ಬಂತು. ಆದರೆ ಪೇಪರ್‌ಲೆಸ್ ಹೊಸ ಕಾಗದ ಎತ್ತಿಕೊಳ್ಳುವ ಕನ್ಸ್ಯೂಮ್ ಫೋಲ್ಡರಿಗೆ ಹಾಕಿದ ಸ್ಕ್ಯಾನ್ ಅಲ್ಲೇ ಬಿದ್ದಿತ್ತು, ಲಾಗ್‌ನಲ್ಲಿ ಎರರ್ ಕೂಡ ಇಲ್ಲ. ಕಾರಣ ಇಷ್ಟೇ: ಹೊಸ ಫೈಲ್ ಬಂತು ಅಂತ ಲಿನಕ್ಸ್ ಕೊಡುವ ಸೂಚನೆ ವಿಂಡೋಸ್ ಡ್ರೈವಿನ ಫೋಲ್ಡರಿನಿಂದ ಕಂಟೇನರ್ ಒಳಗೆ ತಲುಪುವುದಿಲ್ಲ. ಕನ್ಸ್ಯೂಮರ್ ಪೋಲಿಂಗ್ ಸೆಟ್ಟಿಂಗನ್ನು 30 ಅಂತ ಮಾಡಿದರೆ 30 ಸೆಕೆಂಡಿಗೊಮ್ಮೆ ತಾನೇ ಹೋಗಿ ನೋಡುತ್ತದೆ. ಇನ್ನೊಂದು, ಪೇಪರ್‌ಲೆಸ್ ಬಳಸುವ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಡೇಟಾವನ್ನು ವಿಂಡೋಸ್ ಫೋಲ್ಡರಿಗೆ ತರಲು ಹೋಗಬೇಡಿ, ಪರ್ಮಿಶನ್ ತಕರಾರು ಮುಗಿಯುವುದೇ ಇಲ್ಲ. ಅದು ಡಾಕರ್ ತಾನೇ ನೋಡಿಕೊಳ್ಳುವ ಜಾಗವಾದ ಡಾಕರ್ ವಾಲ್ಯೂಮ್‌ನಲ್ಲೇ ಇರಲಿ.

ಈಗ ಕನ್ನಡ. ಚಿತ್ರದಲ್ಲಿರುವ ಪಠ್ಯ ಓದುವ ಕೆಲಸ, ಅಂದರೆ ಓಸಿಆರ್, ಟೆಸ್ಸೆರ‍್ಯಾಕ್ಟ್‌ನದು, ಅದರಲ್ಲಿ ಕನ್ನಡ ಇದೆ, ಆದರೆ ಪೇಪರ್‌ಲೆಸ್ ಜೊತೆಗೆ ಬರುವ ಭಾಷೆಗಳಲ್ಲಿ ಇಲ್ಲ. ಇಲ್ಲಿ ಹೆಸರು ಒಂದೇ ಥರ ಇರುವ ಎರಡು ಸೆಟ್ಟಿಂಗ್ ಇವೆ. ಲ್ಯಾಂಗ್ವೇಜಸ್ ಅನ್ನುವುದು ಭಾಷೆಯನ್ನು ಇಳಿಸಿಕೊಳ್ಳುತ್ತದೆ, ಲ್ಯಾಂಗ್ವೇಜ್ ಅನ್ನುವುದು ಯಾವುದನ್ನು ಬಳಸಬೇಕು ಅಂತ ಹೇಳುತ್ತದೆ, ಎರಡೂ ಬೇಕು. ಮೊದಲನೆಯದಕ್ಕೆ ಕನ್ನಡದ ಮೂರಕ್ಷರದ ಕೋಡ್, ಎರಡನೆಯದಕ್ಕೆ ಕನ್ನಡ, ಪ್ಲಸ್ ಚಿಹ್ನೆ, ಇಂಗ್ಲಿಷ್. ಬದಲಿಸಿದ ಮೇಲೆ ಬರೀ ರೀಸ್ಟಾರ್ಟ್ ಸಾಲದು, ಕಂಟೇನರನ್ನು ಹೊಸದಾಗಿ ಎಬ್ಬಿಸುವ ಕಂಪೋಸ್ ಅಪ್ ಕಮಾಂಡ್ ಮತ್ತೆ ಕೊಟ್ಟರೆ ಮಾತ್ರ ಹೊಸ ಸೆಟ್ಟಿಂಗ್ ಒಳಗೆ ಹೋಗುತ್ತದೆ. ಸ್ಕ್ಯಾನ್ 300 ಡಿಪಿಐ ಇದ್ದರೆ ಒತ್ತಕ್ಷರಗಳು ಸುಮಾರಾಗಿ ಸರಿ ಬರುತ್ತವೆ, ಅದಕ್ಕಿಂತ ಕಡಿಮೆಯಾದರೆ ಒತ್ತು ಕಳೆದುಹೋಗುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಮಾತ್ರ ಬೇರೆ. ಕೆಲವು ಹಳೆಯ ಆದೇಶಗಳು ಪಿಡಿಎಫ್ ಆಗಿಯೇ ಇವೆ, ಓದಲು ಸ್ಪಷ್ಟವಾಗಿವೆ, ಆದರೂ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಒಂದನ್ನು ತೆರೆದು ಕಂಟೆಂಟ್ ಟ್ಯಾಬ್ ನೋಡಿದೆ. "ಕರ್ನಾಟಕ" ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಚಿಹ್ನೆ! ಹಳೆಯ ನುಡಿ ಅಕ್ಷರಶೈಲಿ ಅಂದರೆ ಇದೇ ಅಲ್ವಾ, ಕಣ್ಣಿಗೆ ಕನ್ನಡ, ಒಳಗೆ ಯೂನಿಕೋಡ್ ಅಲ್ಲ. ಪೇಪರ್‌ಲೆಸ್‌ನ ಓಸಿಆರ್ ಮೋಡ್ ಸ್ಕಿಪ್ ಅಂತ ಇರುವುದರಿಂದ, ಪುಟದಲ್ಲಿ ಆಗಲೇ ಪಠ್ಯ ಇದೆ ಅಂತ ಸುಮ್ನೆ ಮುಂದೆ ಹೋಗಿ ಅದನ್ನೇ ಸೂಚಿಗೆ ಸೇರಿಸಿದೆ. ರೀಡೂ (ಮತ್ತೆ ಮಾಡು) ಅನ್ನುವ ಮೋಡ್ ಕೂಡ ಇದಕ್ಕೆ ಆಗುವುದಿಲ್ಲ, ಅದು ಕಣ್ಣಿಗೆ ಕಾಣುವ ಪಠ್ಯವನ್ನು ಮುಟ್ಟುವುದಿಲ್ಲ. ಫೋರ್ಸ್ ಹಾಕಬೇಕು. ಆಗ ಪುಟವನ್ನು ಚಿತ್ರ ಮಾಡಿಕೊಂಡು ಹೊಸದಾಗಿ ಓದುತ್ತದೆ. ಮೂಲ ಫೈಲ್ ಹಾಗೇ ಉಳಿಯುತ್ತದೆ, ಹೆದರಬೇಕಿಲ್ಲ. ನುಡಿ ಪಿಡಿಎಫ್‌ಗಳಿಗೆಲ್ಲ ಒಂದು ಟ್ಯಾಗ್ ಕೊಟ್ಟು, ಮೋಡ್ ಫೋರ್ಸ್ ಮಾಡಿ, ಆ ಟ್ಯಾಗಿನವನ್ನು ಮಾತ್ರ ರೀಪ್ರೊಸೆಸ್‌ಗೆ ಹಾಕಿದೆ. ಫ್ಯಾನ್ ಜೋರಾಗಿ ತಿರುಗಿತು, ಹೊತ್ತು ಹಿಡಿಯಿತು, ಆದರೆ "ಭೂ ಪರಿವರ್ತನೆ" ಅಂತ ಹಾಕಿದ ಕೂಡಲೇ ಆದೇಶ ಮೇಲೆ ಬಂತು. ತುಂಬ ಖುಷಿಯಾಯಿತು. ಆಮೇಲೆ ಮೋಡನ್ನು ಮತ್ತೆ ಸ್ಕಿಪ್‌ಗೆ ತಂದಿದ್ದೇನೆ.

ತಾತನ ಕಾಲದ ಕೈಬರಹದ ಪಹಣಿಗಳು ಬಾಕಿ ಇವೆ. ಕೈಬರಹ ಟೆಸ್ಸೆರ‍್ಯಾಕ್ಟ್‌ಗೆ ಬಗ್ಗುವ ಕೆಲಸ ಅಲ್ಲ, ಸರ್ವೆ ನಂಬರ್ ಮತ್ತು ಊರಿನ ಹೆಸರನ್ನು ಶೀರ್ಷಿಕೆಯಲ್ಲಿ ನಾನೇ ಬರೆಯುತ್ತೇನೆ. ಅದಕ್ಕೂ ಮೊದಲು ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್ ಓಡಿಸಿ ಎಲ್ಲದರ ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿಗೆ.