ಗೆರೆ ಎಳೆಯುವ ಮೊದಲು: ಫಾರ್ಮುಲಾ 1ಕ್ಕೆ ಹೊಸ ಊರು, ಹೊಸ ಬೀದಿ

ಯಾವುದೋ ಊರಲ್ಲಿ ಫಾರ್ಮುಲಾ 1 ರೇಸ್ ನಡೆಯುತ್ತದಂತೆ ಎಂಬ ಸುದ್ದಿ ಬಂದರೆ ಅದರ ಬೆನ್ನಿಗೇ ಒಂದು ನಕ್ಷೆಯೂ ಬರುತ್ತದೆ. ಅಭಿಮಾನಿಗಳು ಕೂಡಲೇ ತಿರುವುಗಳನ್ನು ಎಣಿಸಲು ಕೂರುತ್ತಾರೆ. ಆದರೆ ಮೊದಲು ನೋಡಬೇಕಾದ್ದು ಆ ಗೆರೆಯನ್ನಲ್ಲ, ಗೆರೆಯ ಪಕ್ಕದಲ್ಲಿ ಖಾಲಿ ಜಾಗ ಎಲ್ಲಿದೆ ಎಂಬುದನ್ನು. ಬೀದಿಯನ್ನು ನಾಲ್ಕು ದಿನ ಮುಚ್ಚಿ ಟ್ರ್ಯಾಕ್ ಮಾಡಿಕೊಳ್ಳಬಹುದು. ಪ್ಯಾಡಕ್ಕಿಗೆ, ಅಂದರೆ ತಂಡಗಳು ಬೀಡುಬಿಡುವ ಅಂಗಳಕ್ಕೆ, ಆ ಸೌಲಭ್ಯವಿಲ್ಲ. 2026ರಿಂದ ತಂಡಗಳು 11, ಕಾರುಗಳು 22. ಅಷ್ಟಕ್ಕೂ ಗ್ಯಾರೇಜು, ಟೈರ್ ಜೋಡಿಸುವ ಜಾಗ, ಸರಕಿನ ಲಾರಿಗಳು, ಟಿವಿ ವ್ಯವಸ್ಥೆ, ವೈದ್ಯಕೀಯ ಕೇಂದ್ರ, ಜೊತೆಗೆ ರೇಸಿನ ನಡುವೆ ಕಾರುಗಳು ಗ್ಯಾರೇಜಿನ ಮುಂದೆ ಬಂದು ನಿಲ್ಲುವ, ಕನಿಷ್ಠ 12 ಮೀಟರ್ ಅಗಲದ ಪಿಟ್ ಲೇನ್, ಇಷ್ಟೂ ಒಂದೇ ಕಡೆ, ಒಂದು ನೇರ ರಸ್ತೆಗೆ ಅಂಟಿಕೊಂಡೇ ಬೇಕು. ಲಾಸ್ ವೇಗಸ್‌ನಲ್ಲಿ ಇದಕ್ಕೆಂದೇ 39 ಎಕರೆ ಜಮೀನನ್ನು ಫಾರ್ಮುಲಾ 1ರ ಮಾಲೀಕ ಕಂಪನಿ ಲಿಬರ್ಟಿ ಮೀಡಿಯಾ 24 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಊರಿನ ನಡುವೆ ಇಷ್ಟು ಖಾಲಿ ಜಾಗ ಸಿಗುವುದೇ ಅಪರೂಪ. ಅದಕ್ಕೇ ಹೊಸ 'ಬೀದಿ' ಸರ್ಕ್ಯೂಟ್‌ಗಳು ಕ್ರೀಡಾಂಗಣದ ಪಾರ್ಕಿಂಗ್ ಜಾಗಕ್ಕೋ ವಸ್ತುಪ್ರದರ್ಶನದ ಮೈದಾನಕ್ಕೋ ಹೋಗಿ ಸೇರುತ್ತಿವೆ. ಮಯಾಮಿ ರೇಸ್ ಮೊದಲು ನಗರದ ನಡುವೆ ಎಂದಿತ್ತು. ನಡೆದದ್ದು ಹಾರ್ಡ್ ರಾಕ್ ಕ್ರೀಡಾಂಗಣದ ಸುತ್ತ. ಮ್ಯಾಡ್ರಿಡ್ ಇಫೆಮಾ ಪ್ರದರ್ಶನ ಕೇಂದ್ರವನ್ನು ಆರಿಸಿಕೊಂಡಿದೆ. ನನ್ನ ಮಟ್ಟಿಗೆ ಇದೇ ಜಾಣತನ, ಫೋಟೋದಲ್ಲಿ ಅಷ್ಟೇನೂ ಚೆನ್ನಾಗಿ ಕಾಣದಿದ್ದರೂ.

ಜಾಗ ಸಿಕ್ಕ ಮೇಲೆ ಮೋಟಾರ್ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ ಕೊಡುವ, ಫಾರ್ಮುಲಾ 1ಕ್ಕೆ ಬೇಕಾದ ಗ್ರೇಡ್ 1 ಪರವಾನಗಿಯ ಅಳತೆಗಳು. ಸುತ್ತಿನ ಉದ್ದ 3.5 ಕಿ.ಮೀ.ಗಿಂತ ಕಡಿಮೆ ಇರಬಾರದು. 3.337 ಕಿ.ಮೀ.ನ ಮೊನಾಕೊಗೆ ಮಾತ್ರ ಹಳೆಯ ಮರ್ಯಾದೆಯ ಮೇಲೆ ವಿನಾಯಿತಿ. ಹೊಸ ಟ್ರ್ಯಾಕಿನ ಅಗಲ 12 ಮೀಟರ್, ರೇಸ್ ಶುರುವಿಗೆ ಕಾರುಗಳು ಸಾಲಾಗಿ ನಿಲ್ಲುವ ಗ್ರಿಡ್ ಇರುವಲ್ಲಿ 15. ಗ್ರಿಡ್‌ನಲ್ಲಿ ಕಾರಿಂದ ಕಾರಿಗೆ 8 ಮೀಟರ್ ಅಂತರ. 22 ಕಾರು ನಿಲ್ಲಲು 170 ಮೀಟರಿಗೂ ಹೆಚ್ಚು ನೇರ ರಸ್ತೆ ಬೇಕು, ಅದರ ಮುಂದೆ ಮೊದಲ ತಿರುವಿನವರೆಗೆ ಇನ್ನೂ 250 ಮೀಟರ್. ಹಳೇ ಊರುಗಳಲ್ಲಿ ಈ ಅಗಲ ಸಿಗದೆ ಅಲ್ಲಲ್ಲಿ ರಿಯಾಯಿತಿ ಕೊಟ್ಟದ್ದೂ ಇದೆ: ಅಜರ್‌ಬೈಜಾನಿನ ಬಾಕುವಿನ ಕೋಟೆಯ ಪಕ್ಕ ರಸ್ತೆ 7.6 ಮೀಟರಿಗೆ ಇಳಿಯುತ್ತದೆ.

ನಕ್ಷೆಯಲ್ಲಿ ಯಾರೂ ನೋಡದ ಇನ್ನೊಂದು ವಿಷಯ, ಸುತ್ತಿನ ಒಳಗೆ ಯಾರಿದ್ದಾರೆ ಎಂಬುದು. ಟ್ರ್ಯಾಕ್ ಮುಚ್ಚಿದ ಕ್ಷಣ ಒಳಗಿರುವವರೆಲ್ಲ ದ್ವೀಪವಾಸಿಗಳೇ. ಒಳಗೆ ಆಸ್ಪತ್ರೆಯೋ ಅಗ್ನಿಶಾಮಕ ಠಾಣೆಯೋ ಇದ್ದರೆ ಸುರಂಗ ಬೇಕು, ಇಲ್ಲವೇ ವಾಹನ ದಾಟುವ ತಾತ್ಕಾಲಿಕ ಮೇಲ್ಸೇತುವೆ. ಕಾಲ್ನಡಿಗೆಯವರ ಸೇತುವೆ ಅಗ್ಗ, ಆದರೆ ಅದರಲ್ಲಿ ಆಂಬುಲೆನ್ಸ್ ಹೋಗುವುದಿಲ್ಲ. ನದಿ, ಕೆರೆ, ಉದ್ಯಾನ, ಬಂದರುಗಳ ಸುತ್ತ ಇಷ್ಟೊಂದು ಸರ್ಕ್ಯೂಟ್‌ಗಳು ಇರುವುದಕ್ಕೆ ಅಂದವಷ್ಟೇ ಕಾರಣವಲ್ಲ: ಒಳಗೆ ಮನೆಗಳು ಕಡಿಮೆ. ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್‌ನಲ್ಲಿ ಸುತ್ತಿನ ಒಳಗಿರುವುದು ಬಹುತೇಕ ಕೆರೆಯೇ.

ಈಗ ರಸ್ತೆಯ ಅಡಿಗೆ ಬರೋಣ. ರೇಸುಗಳು ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. 2023ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಮೊದಲ ಅಭ್ಯಾಸ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಕಾರ್ಲೋಸ್ ಸೈನ್ಸ್ ಅವರ ಫೆರಾರಿಯ ತಳಕ್ಕೆ ನೀರಿನ ವಾಲ್ವ್‌ನ ಮುಚ್ಚಳ ಬಡಿಯಿತು. ಮುಚ್ಚಳವೇನೋ ಗಟ್ಟಿಯಾಗಿತ್ತು, ಅದರ ಸುತ್ತಲಿನ ಕಾಂಕ್ರೀಟ್ ಚೌಕಟ್ಟು ಒಡೆದಿತ್ತು. ಎರಡನೇ ಅಭ್ಯಾಸ ಬೆಳಗಿನ ಜಾವ 2.30ಕ್ಕೆ ನಡೆಯಿತು, ಪ್ರೇಕ್ಷಕರನ್ನು ಅಷ್ಟರಲ್ಲಿ ಹೊರಗೆ ಕಳಿಸಿಯಾಗಿತ್ತು. ಬ್ಯಾಟರಿ ಬದಲಿಸಬೇಕಾದ್ದರಿಂದ ತಪ್ಪೇ ಮಾಡದ ಸೈನ್ಸ್‌ಗೆ ಗ್ರಿಡ್‌ನಲ್ಲಿ 10 ಸ್ಥಾನಗಳ ದಂಡ ಬೇರೆ. 2019ರಲ್ಲಿ ಬಾಕುವಿನಲ್ಲಿ ಜಾರ್ಜ್ ರಸೆಲ್, 2016ರಲ್ಲಿ ಮೊನಾಕೊದಲ್ಲಿ ಜೆನ್ಸನ್ ಬಟನ್ ಇಂಥದ್ದೇ ಮುಚ್ಚಳಗಳಿಗೆ ಸಿಕ್ಕಿಬಿದ್ದರು. ಬೀದಿಯೇ ಆಗಬೇಕೆಂದೂ ಇಲ್ಲ. 2005ರಲ್ಲಿ ಶಾಂಘೈನ ಕಾಯಂ ಸರ್ಕ್ಯೂಟ್‌ನಲ್ಲಿ ಹ್ವಾನ್ ಪಾಬ್ಲೊ ಮೊಂಟೊಯಾ, 2017ರಲ್ಲಿ ಸೆಪಾಂಗ್‌ನಲ್ಲಿ ರೊಮೇನ್ ಗ್ರೋಜಾನ್ ಕೂಡ ಹೀಗೇ ಪೆಟ್ಟು ತಿಂದವರು.

ಕಾರಣ ಸರಳ. ಕಾರಿನ ತಳ ನೆಲಕ್ಕೆ ತೀರಾ ಹತ್ತಿರ, ಅದರಡಿ ನುಗ್ಗುವ ಗಾಳಿಯ ಒತ್ತಡ ತಗ್ಗಿರುತ್ತದೆ. ನೆಲಕ್ಕೆ ಕಾರನ್ನು ಅಂಟಿಸುವ ಆ ಹೀರುವಿಕೆಯೇ ಮುಚ್ಚಳವನ್ನೂ ಮೇಲಕ್ಕೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಲಾರಿ ಮೇಲಿಂದ ಒತ್ತುವ ಭಾರಕ್ಕೆಂದು ಮಾಡಿದ ಮುಚ್ಚಳ ಕೆಳಗಿಂದ ಎಬ್ಬಿಸುವ ಬಲವನ್ನು ತಡೆಯಬೇಕೆಂದು ಯಾವ ಜಲಮಂಡಳಿಯೂ ಯೋಚಿಸಿರುವುದಿಲ್ಲ. ಆದ್ದರಿಂದ ಪ್ರತಿ ಮುಚ್ಚಳಕ್ಕೂ ಸಂಖ್ಯೆ ಕೊಟ್ಟು, ಯಾವ ಇಲಾಖೆಯದ್ದು ಎಂದು ಬರೆದುಕೊಂಡು, ಮೂರು ಗುಂಪು ಮಾಡಬೇಕು. ರೇಸಿನ ವಾರ ತೆರೆಯುವ ಅಗತ್ಯವೇ ಇಲ್ಲದ್ದನ್ನು ಮರಳು ತುಂಬಿ ಮೇಲೆ ಡಾಂಬರು ಹಾಕಿ ಮುಚ್ಚಿಬಿಡುವುದು. ಲಾಸ್ ವೇಗಸ್‌ನಲ್ಲಿ ಆ ರಾತ್ರಿ ಮಾಡಿದ್ದೂ ಇದನ್ನೇ. ತೆರೆಯಲೇಬೇಕಾದ್ದನ್ನು ಬೋಲ್ಟ್ ಹಾಕಿ ಬಿಗಿಯುವುದು. ಮಳೆನೀರಿನ ಜಾಲರಿಯನ್ನು ಮುಚ್ಚುವಂತೆಯೇ ಇಲ್ಲ, ಮಳೆ ಬಂದರೆ ಟ್ರ್ಯಾಕ್ ಕೆರೆಯಾಗುತ್ತದೆ. ಅದನ್ನು ರೇಸಿಂಗ್ ಲೈನಿನಿಂದ, ಅಂದರೆ ಕಾರುಗಳು ವೇಗವಾಗಿ ಸಾಗುವ ಜಾಡಿನಿಂದ, ಆಚೆಗೆ ಸರಿಸುವುದೇ ಸರಿ. ಮೂರರಲ್ಲೂ ಪರೀಕ್ಷಿಸಬೇಕಾದ್ದು ಮುಚ್ಚಳಕ್ಕಿಂತ ಚೌಕಟ್ಟನ್ನು. ಪುಡಿಯಾಗುವ ಹಳೇ ಕಾಂಕ್ರೀಟಿಗೆ ಎಷ್ಟೇ ಗಟ್ಟಿ ಬೋಲ್ಟ್ ಹಾಕಿದರೂ ಪ್ರಯೋಜನವಿಲ್ಲ.

ರಸ್ತೆಯ ಮೈ ಇನ್ನೊಂದು ತಲೆನೋವು. ಊರಿನ ರಸ್ತೆ ನಡುವೆ ಉಬ್ಬಿ ಎರಡೂ ಬದಿಗೆ ಇಳಿಯುತ್ತದೆ. ರೇಸ್ ಕಾರು ಈ ಬದಿಯಿಂದ ಆ ಬದಿಗೆ ಅಡ್ಡ ಹಾಯುವಾಗ ಆ ಉಬ್ಬಿನ ಮೇಲೆ ತಳ ಉಜ್ಜುತ್ತದೆ ಅಥವಾ ಟೈರಿನ ಮೇಲಿನ ಭಾರ ತಗ್ಗಿ ಹಿಡಿತ ತಪ್ಪುತ್ತದೆ. ನೇರ ರಸ್ತೆಯಲ್ಲಿ ನೀರು ಹರಿಯಲು ಅಡ್ಡ ಇಳಿಜಾರು 1.5ರಿಂದ 3 ಶೇಕಡಾ ಇರಬೇಕೆನ್ನುತ್ತದೆ ನಿಯಮ. ಹಾಗಾಗಿ ಅಡ್ಡರಸ್ತೆ ಸೇರುವ ಜಾಗಗಳನ್ನು ಕೆರೆದು ಹೊಸದಾಗಿ ಹಾಕುವುದು ಅನಿವಾರ್ಯ. ಝೀಬ್ರಾ ಪಟ್ಟಿ, ಲೇನ್ ಗೆರೆಗಳ ಬಣ್ಣವನ್ನೂ ಕೆರೆದೇ ತೆಗೆಯಬೇಕು, ಒದ್ದೆಯಾದರೆ ಅದು ಮಂಜುಗಡ್ಡೆಯಂತೆ ಜಾರುತ್ತದೆ.

ಹೊಸ ಡಾಂಬರನ್ನು ಕೊನೇ ಗಳಿಗೆಯಲ್ಲಿ ಹಾಕಿದರೆ ಎಣ್ಣೆಯಂಶ ಮೇಲೆ ಬಂದು ಗ್ರಿಪ್ ಸಿಗುವುದಿಲ್ಲ. 2020ರಲ್ಲಿ ಇಸ್ತಾಂಬುಲ್‌ನಲ್ಲಿ ಒಣ ಅಭ್ಯಾಸದಲ್ಲೇ ಕಾರುಗಳು ಜಾರಾಡಿದ್ದು ಇದಕ್ಕೇ. ಕೊರಿಯಾದ ಯೊಂಗಾಮ್‌ಗೆ 2010ರಲ್ಲಿ ಅಂತಿಮ ಒಪ್ಪಿಗೆ ಸಿಕ್ಕಿದ್ದು ರೇಸಿಗೆ ಬರೀ 12 ದಿನ ಮುಂಚೆ. ಬಿಸಿಲಿನ ಊರಿನಲ್ಲಿ ಕತೆ ಬೇರೆ: 1984ರ ಜುಲೈನಲ್ಲಿ ಡಲ್ಲಾಸ್‌ನ ಡಾಂಬರು ಕಿತ್ತು ಬಂದು ರಾತ್ರೋರಾತ್ರಿ ತೇಪೆ ಹಾಕಿ ರೇಸ್ ಓಡಿಸಿದರು. ಫಾರ್ಮುಲಾ 1 ಅಲ್ಲಿಗೆ ಮತ್ತೆ ಹೋಗಲಿಲ್ಲ.

ಗೋಡೆಗಳ ಲೆಕ್ಕ ನೋಡಿ. ಒಂದು ಕಾಂಕ್ರೀಟ್ ತುಂಡು ಸುಮಾರು 4 ಮೀಟರ್ ಉದ್ದ, 1 ಮೀಟರ್ ಎತ್ತರ, ತೂಕ ಸುಮಾರು 4 ಟನ್. 5 ಕಿ.ಮೀ. ಟ್ರ್ಯಾಕಿನ ಎರಡೂ ಬದಿ ಎಂದರೆ 2,500 ತುಂಡು, 10,000 ಟನ್. 20 ಟನ್ ಹೊರುವ ಲಾರಿಗೆ 500 ಟ್ರಿಪ್, ರೇಸ್ ಮುಗಿದ ಮೇಲೆ ವಾಪಸ್ ಇನ್ನೂ 500. ಮೇಲೆ ಬಲೆ, ಅದರ ಕಂಬ, ಉಕ್ಕಿನ ಹಗ್ಗ ಬೇರೆ. ಇಷ್ಟನ್ನು ಇಡಲು ವರ್ಷವಿಡೀ ಒಂದು ಅಂಗಳವೂ ಬೇಕು. ಜೋಡಿಸುವಾಗ ಒಂದು ತುಂಡಿನ ತುದಿ ಪಕ್ಕದ್ದಕ್ಕಿಂತ ಕೆಲವೇ ಸೆಂಟಿಮೀಟರ್ ಮುಂದೆ ಚಾಚಿದರೂ ಗೋಡೆ ಸವರಿಕೊಂಡು ಹೋಗುವ ಚಕ್ರ ಅಲ್ಲಿ ಸಿಕ್ಕಿಬೀಳುತ್ತದೆ. ಸಾಲನ್ನು ಹಗ್ಗ ಹಿಡಿದು ನೋಡುವ ಕೆಲಸ ಸಣ್ಣದಲ್ಲ.

ಗೋಡೆ ಎಲ್ಲಿ ಮೆತ್ತಗಿರಬೇಕು ಎಂಬುದನ್ನು ಎಫ್‌ಐಎ ಕಂಪ್ಯೂಟರ್ ಲೆಕ್ಕದಿಂದ ತೀರ್ಮಾನಿಸುತ್ತದೆ. ವೇಗ ಗಂಟೆಗೆ 200 ಕಿ.ಮೀ.ನಿಂದ 280ಕ್ಕೆ ಏರಿದರೆ ಅಪ್ಪಳಿಸುವ ಶಕ್ತಿ ಸುಮಾರು ಇಮ್ಮಡಿ. ಆದರೂ ಅನುಮಾನದ ಜಾಗಗಳು ಉಳಿಯುತ್ತವೆ. ಮಯಾಮಿಯ ಮೊದಲ ವರ್ಷ 14ನೇ ತಿರುವಿನ ಬರೀ ಕಾಂಕ್ರೀಟಿಗೆ ಶುಕ್ರವಾರ ಸೈನ್ಸ್, ಶನಿವಾರ ಎಸ್ತೆಬಾನ್ ಒಕಾನ್ ಗುದ್ದಿದರು. ನಿಧಾನದ ತಿರುವು ಎಂದು ಅಲ್ಲಿ ಮೆತ್ತನೆಯ ತಡೆ ಇಡದಿದ್ದುದನ್ನು ನಾನಂತೂ ಒಪ್ಪಲಾರೆ. ಇನ್ನು 90 ಡಿಗ್ರಿ ತಿರುವಿನಲ್ಲಿ ಊರಿನ ರಸ್ತೆ ನೇರವಾಗಿ ಮುಂದುವರಿಯುವಂತಿದ್ದರೆ ಪುಕ್ಕಟೆ ವರ: ಬ್ರೇಕ್ ತಪ್ಪಿದವನು ಗೋಡೆಯ ಬದಲು ಆ ರಸ್ತೆಗೆ ನುಗ್ಗಿ ತಿರುಗಿ ಬರುತ್ತಾನೆ. ಬಾಕುವಿನಲ್ಲಿ ಇದನ್ನು ಚೆನ್ನಾಗಿ ಬಳಸಿದ್ದಾರೆ. ಅಲ್ಲಿನ ಸುಮಾರು 2.2 ಕಿ.ಮೀ. ಓಟದ ಕೊನೆಗೆ ಬಿಗಿ ತಿರುವು ಇರುವುದರಿಂದ ಓವರ್‌ಟೇಕ್‌ಗೂ ಅವಕಾಶ ಸಿಗುತ್ತದೆ. ಉದ್ದ ನೇರ, ಆಮೇಲೆ ನಿಧಾನದ ತಿರುವು: ಒಳ್ಳೆಯ ರೇಸಿಗೆ ಇದೊಂದು ಜೋಡಿ ಸಾಕು, ಉಳಿದ 15 ತಿರುವು ಹೇಗಿದ್ದರೂ ನಡೆಯುತ್ತದೆ. ಜೆಡ್ಡಾದಲ್ಲಿ ಉಲ್ಟಾ ಮಾಡಿದರು. 27 ತಿರುವು, ಸರಾಸರಿ ಗಂಟೆಗೆ 250 ಕಿ.ಮೀ., ಮುಂದೆ ನಿಂತ ಕಾರು ಕಾಣದ ಗೋಡೆಗಳು.

ಆಸ್ಪತ್ರೆಯ ಮಾತನ್ನು ಕೊನೆಗೆ ಇಡುವ ಸಂಘಟಕರೇ ಹೆಚ್ಚು. ಹೆಲಿಕಾಪ್ಟರ್ ಹಾರದಿದ್ದರೆ, ಆಸ್ಪತ್ರೆ ರಸ್ತೆಯಲ್ಲಿ ದೂರವಾಗಿದ್ದರೆ, ಕಾರು ಹೊರಡುವಂತಿಲ್ಲ. 2017ರಲ್ಲಿ ಶಾಂಘೈನಲ್ಲೂ 2020ರಲ್ಲಿ ನ್ಯೂರ್ಬರ್ಗ್‌ರಿಂಗ್‌ನಲ್ಲೂ ಶುಕ್ರವಾರದ ಅಭ್ಯಾಸ ಮಣ್ಣುಪಾಲಾದದ್ದು ಹವಾಮಾನ ಕೈಕೊಟ್ಟು ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆ ತಲುಪುವಂತಿಲ್ಲದ್ದಕ್ಕೆ. ಊರೊಳಗಿನ ಸರ್ಕ್ಯೂಟ್‌ಗೆ ಇಲ್ಲಿ ಲಾಭವಿದೆ.

ದುಡ್ಡಿನ ವಿಷಯದಲ್ಲಿ ಲಾಭ ಅಷ್ಟು ಸುಲಭವಲ್ಲ. ಸಾಮಾನ್ಯವಾಗಿ ಆತಿಥೇಯರಿಗೆ ಸಿಗುವ ಮುಖ್ಯ ಆದಾಯ ಟಿಕೆಟ್‌ನದ್ದು; ಟಿವಿ ಹಕ್ಕು ಮತ್ತು ಟ್ರ್ಯಾಕ್ ಬದಿಯ ಜಾಹೀರಾತಿನ ಹಣ ಫಾರ್ಮುಲಾ 1ಕ್ಕೆ ಹೋಗುತ್ತದೆ. ಆದ್ದರಿಂದ ಟಿಕೆಟ್‌ನಿಂದ ತೀರದ ಖರ್ಚನ್ನು ತುಂಬುವ ಸರ್ಕಾರ ಕೈಬಿಟ್ಟ ದಿನ ರೇಸೂ ಹೋಗುತ್ತದೆ. ವಲೆನ್ಸಿಯಾದ ಬೀದಿ ರೇಸ್ 2008ರಿಂದ 2012ರವರೆಗೆ ಐದೇ ಸಲ ನಡೆಯಿತು. ಹನೊಯ್‌ನಲ್ಲಿ ಟ್ರ್ಯಾಕ್ ಸಿದ್ಧವಾದರೂ ಒಂದು ರೇಸೂ ಆಗಲಿಲ್ಲ.

ಇನ್ನು ಮೊದಲ ರೇಸ್ ಮುಗಿದ ಮೇಲೆ ಬರುವ ಬಿಲ್ಲು. ಮಯಾಮಿ 2023ಕ್ಕೆ ಟ್ರ್ಯಾಕಿಗೆ ಪೂರ್ತಿ ಹೊಸ ಡಾಂಬರು ಹಾಕಿತು, ಲೈನ್ ಬಿಟ್ಟರೆ ಗ್ರಿಪ್ಪೇ ಇಲ್ಲ ಎಂಬ ದೂರು ಬಂದಿತ್ತು. ಜೆಡ್ಡಾ ಎರಡನೇ ಮತ್ತು ಮೂರನೇ ವರ್ಷಕ್ಕೆ ಗೋಡೆ ಹಿಂದಕ್ಕೆ ಸರಿಸಿ ಚಾಲಕರ ನೋಟ ತೆರೆಯಿತು. ಸಿಂಗಾಪುರ 2023ರಲ್ಲಿ ನಾಲ್ಕು ತಿರುವು ಕಿತ್ತು ನೇರ ಮಾಡಿತು. ಎರಡು ಗಂಟೆಯ ಮಿತಿಯನ್ನು ಮುಟ್ಟುತ್ತಿದ್ದ ರೇಸ್ ಆ ವರ್ಷ 1 ಗಂಟೆ 46 ನಿಮಿಷಕ್ಕೆ ಮುಗಿಯಿತು. ಎರಡನೇ ವರ್ಷದ ಡಾಂಬರು, ಗೋಡೆಗಳಿಗೆ ಬೇಕಾದ ಹಣವನ್ನು ಮೊದಲ ಬಜೆಟ್‌ನಲ್ಲೇ ತೆಗೆದಿಡಬೇಕು, ಮೊದಲ ರೇಸಿನ ದೂರುಗಳು ಬಂದ ಮೇಲೆ ಅದನ್ನು ಹೊಂದಿಸುತ್ತ ಕೂರಲು ಸಮಯವಿರುವುದಿಲ್ಲ.